ಸಾಮ್‌ಸೂನ್ ಯಾರಿಗೂ ನೆನಪಿಲ್ಲೇನ್ರಿ? ಮತ್ತ ನನ್ನ ಕೇಕಿನ ಡಬ್ಬಿ ಮ್ಯಾಲ ಯಾವ ಹೆಸರು ಹಾಕಲಿ?

ಓವನ್ ಅವ್ವ (ವಾರ್ಜೆ, ಪುಣೆ)

ಎಲ್ಲಾರಿಗೂ ಶರಣ್ರಿ. ಎರಡು ವರ್ಷದಿಂದ ಇಲ್ಲಿ ಬರೇ ಓದಕೋತ ಕುಂತಾಕಿ ನಾ, ಬರೆಯೂದು ಇದ ಮೊದಲ. ಊರು ಇಂಡಿ ತಾಲೂಕು. ಪುಣೆಕ್ಕ ಬಂದು 18 ವರ್ಷ ಆತು, ನಡುವ ಮರಾಠಿ ತೂರಿ ಬಂದ್ರ ಹೊಟ್ಟ್ಯಾಗ ಹಾಕ್ಕೋರಿ.

ಹೋದ ವಾರ ಇಲ್ಲೇ ಯಾರೋ ಕೊರಿಯನ್ ಲವ್ ಕಾಮಿಡಿ ಸೀರಿಯಲ್ಲಿನಾಗ ನಿಮಗ ಸೇರಿದ ನಾಯಕಿ ಯಾರು ಅಂತ ಕೇಳಿದ್ರು. ಉತ್ತರ ಎಲ್ಲಾ ಕೆಳಗಿನ ತನಕ ಓದಿದೆ. ವಕೀಲರು ಬಂದ್ರು, ಕಂಪನಿ ಮಾಲಕಿಯರು ಬಂದ್ರು, ಗಾಳಿಗೆ ಹಾರಿ ಉತ್ತರ ಕೊರಿಯಾದಾಗ ಬಿದ್ದಾಕಿ ಅಂತೂ ಹತ್ತು ಸಲ ಬಂದಳು. ಕಿಮ್ ಸಾಮ್‌ಸೂನ್ ಹೆಸರು ಒಬ್ಬರೂ ಎತ್ತಲಿಲ್ಲ. ಯಾಕೋ ನನಗ ಭಾಳ ಹತ್ತಿತು.

ನನಗೂ ಮೊದಲ ಗೊತ್ತಿದ್ದಿಲ್ಲ ಬಿಡ್ರಿ. 2020ರ ಲಾಕ್‌ಡೌನಿನಾಗ ಮಗಳು 'ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯೂ' ನೋಡಿ ಅದರ ಹೀರೋ ಹ್ಯುನ್ ಬಿನ್‌ಗ ಮರುಳಾಗಿ, ಅವನವು ಹಳೇವೆಲ್ಲಾ ಹುಡುಕಿ ತಗದಳು. ಹಂಗ ಸಿಕ್ಕದ್ದು 'ಮೈ ನೇಮ್ ಈಸ್ ಕಿಮ್ ಸಾಮ್‌ಸೂನ್'. 2005ರದ್ದು, 16 ಕಂತು. ಮಗಳು ಕೆಳಗಿನ ಇಂಗ್ಲಿಷ್ ಓದಿ ಅರ್ಧ ಮರಾಠಿ ಅರ್ಧ ಕನ್ನಡದಾಗ ಹೇಳೂದು, ನಾ ಕಣಿಕ ನಾದಕೋತ ಕೇಳೂದು. ಎರಡನೇ ಕಂತಿಗೇ ಅಕಿಗೆ ಬ್ಯಾಸರಾತು. ಚಿತ್ರ ಮಂಕು, ಹ್ಯುನ್ ಬಿನ್ ಇನ್ನೂ ಎಳೇ ಹುಡುಗ, ಅದರಾಗ ಸೊಕ್ಕಿನಾಂವ. ನಾ ಮಾತ್ರ ಬಿಡಲಿಲ್ಲ. ನಿಲ್ಲಿಸಿ ನಿಲ್ಲಿಸಿ, ನನ್ನ ಹತ್ತನೇತ್ತೆ ಇಂಗ್ಲಿಷಿನಾಗ ಉಳಿದ 14 ಕಂತು ಮುಗಿಸಿದೆ.

ಕ್ರಿಸ್‌ಮಸ್ ಹಿಂದಿನ ರಾತ್ರಿ. ಪ್ರೀತಿ ಮಾಡಿದಾಂವ ಬ್ಯಾರೆಯಾಕಿ ಜೋಡಿ ಹೋಟೆಲಿನಾಗ ಸಿಕ್ಕಿಬೀಳತಾನ. ಸಾಮ್‌ಸೂನ್ ಸಂಡಾಸಿನ ಬಾಗಲಾ ಹಾಕ್ಕೊಂಡು ಅಳತಾಳ, ಕಣ್ಣಿನ ಕಪ್ಪು ಗಲ್ಲದ ತನಕ ಇಳಿದಿರತದ. ಹೊರಗ ಬಂದ್ರ ಅದು ಗಂಡಸರದ್ದು! ನಾಯಕಿ ನಮಗ ಪರಿಚಯ ಆಗೂದು ಹಿಂಗ. ವಯಸ್ಸು 30, ಮೈಕೈ ತುಂಬಿಕೊಂಡಾಕಿ, ಬಾಯಿ ಜೋರು, ಮನಿ ಸಾಲದಾಗ ಹೋಗೂದರಾಗ ಅದ. ಆ ಪಾತ್ರಕ್ಕಂತ ಕಿಮ್ ಸನ್‌ಆ ತೂಕ ಹೆಚ್ಚಿಸಿಕೊಂಡ್ರು, ಆ ವರ್ಷ ಎಂಬಿಸಿ ಚಾನೆಲ್ಲಿನ ಎಲ್ಲಾಕ್ಕಿಂತ ದೊಡ್ಡ ಪ್ರಶಸ್ತಿ ತಗೊಂಡ್ರು. ಕಡೀ ಕಂತಿನ ರೇಟಿಂಗ್ ಶೇಕಡಾ 50 ದಾಟಿತ್ತು. ಈಗ ಕೇಳಿದ್ರ "ಓ, ಅದಾ? ಹ್ಯುನ್ ಬಿನ್‌ನ ಹಳೇ ಸೀರಿಯಲ್" ಅಂತಾರ. ಹೆಸರು ಯಾರದು ಅದ ನೋಡ್ರಿ ಮೊದಲ, ಸೀರಿಯಲ್ಲಿಗೆ!

ನನಗ ಹಿಡಿಸಿದ್ದು ಲವ್ ಅಲ್ಲ, ಕೈ. ಈಗಿನವುದರಾಗ ಬೇಕರಿ ನಾಯಕಿ ಅಂದ್ರ ಇಸ್ತ್ರಿ ಮಾಡಿದ ಏಪ್ರನ್ ಹಾಕ್ಕೊಂಡು, ಮೂಗಿನ ತುದಿಗೆ ಒಂದು ಚಿಟಿಕಿ ಮೈದಾ ಹಚ್ಚಿಕೊಂಡು ನಿಂದರತಾಳ. ಮೂಗಿಗೆ ಹೆಂಗ ಹತ್ತತದೋ ದೇವರಿಗೇ ಗೊತ್ತು, 11 ವರ್ಷದಾಗ ನನ್ನ ಮೂಗಿಗೆ ಒಮ್ಮೆನೂ ಹತ್ತಿಲ್ಲ. ಸಾಮ್‌ಸೂನ್ ಪ್ಯಾರಿಸ್‌ನಾಗ ಕಲತು ಬಂದಾಕಿ. ಬರೇ ತನ್ನ ಕಸುಬಿನ ಬಗ್ಗೆ ಮಾತಾಡೂ ಹೊತ್ತಿನಾಗ ಮಾತ್ರ ಅಕಿ ಬೆನ್ನು ನೆಟ್ಟಗ ಆಗತದ, ಉಳಿದದ್ದಕ್ಕೆಲ್ಲಾ ಗೂನು. ಅದು ನನಗ ಗೊತ್ತು. ನಾನೂ ಹಂಗ.

ಈಗ ಮುಖ್ಯ ಮಾತಿಗೆ ಬರತೀನಿ. 'ಸಾಮ್' ಅಂದ್ರ ಮೂರು. ಮೂರನೇ ಹೆಣ್ಣಂತ ಇಟ್ಟ ಹಳೇ ಕಾಲದ ಹೆಸರು. ಮಂದಿ ನಗತಾರ. ಅಕಿ ಹೆಸರು ಬದಲಿ ಮಾಡಿ 'ಹೀಜಿನ್' ಆಗಬೇಕಂತಾಳ. ಕಡೀಕ ಆಗಂಗಿಲ್ಲ, ಸಾಮ್‌ಸೂನ್ ಅಂತನ ಉಳೀತಾಳ.

ನನ್ನ ಹೆಸರು ಸಾಕವ್ವ. ನಾಲ್ಕನೇ ಹೆಣ್ಣು. ಇನ್ನ ಹೆಣ್ಣು ಸಾಕು ಅಂತ ನಮ್ಮ ಆಯಿ, ಅಂದ್ರ ಅಜ್ಜಿ, ಇಟ್ಟಳು. ಮುಂದ ತಮ್ಮ ಹುಟ್ಟಿದ, ಊರಾಗ "ಹೆಸರು ಕೆಲಸ ಮಾಡ್ತು" ಅಂದ್ರು. ಪುಣೆದಾಗ ಮೊದಲ ಒಂದು ಬೇಕರಿಯೊಳಗ ಕೌಂಟರಿಗೆ ನಿಂತೆ. ಮಾಲಕರು ಹೆಸರು ಕೇಳಿ, ಒಂದು ಸಲ ನಕ್ಕು, "ಆಜ್‌ಪಾಸೂನ್ ತೂ ಸ್ವಾತಿ" ಅಂದ್ರು. ಅವತ್ತಿಂದ ಸ್ವಾತಿ. ಗಿರಾಕಿಗೆ ಸ್ವಾತಿ, ಸೊಸೈಟಿಯವರಿಗೆ ಸ್ವಾತಿ. ಮಗಳ ಸಾಲ್ಯಾಗ ಒಮ್ಮೆ ಆಧಾರ್ ಕೇಳಿದಾಗ ಅಕಿ ನನ್ನ ಮುಖ ನೋಡಿ ಕಾರ್ಡ್ ತಿರುವಿ ಹಾಕಿ ಕೊಟ್ಟಳು. ಅಕಿಗೆ ಆಗ ಒಂಬತ್ತು ವರ್ಷ.

ಈಗ ಮನ್ಯಾಗ ನಂದೇ ಓವನ್. ದಿನಾ ಮಂದಿ ಹೆಸರು ಬರೀತೀನಿ. ಬಟರ್ ಪೇಪರ್ ಸುರುಳಿ ಸುತ್ತಿ, ಕರಗಿಸಿದ ಚಾಕಲೇಟ್ ಹಾಕಿ, ತುದಿ ಒಂದು ಅಕ್ಕಿಕಾಳಿನಷ್ಟು ಕತ್ತರಿಸೂದು. ಉಸಿರು ಹಿಡಿದು ಬರೀಬೇಕು, ಒಂದು ಅಕ್ಷರ ಜಾರಿದ್ರ ಟೂತ್‌ಪಿಕ್ಕಿನಿಂದ ಕೆರೆದು ಕ್ರೀಮ್ ಮತ್ತ ಸಪಾಟು ಮಾಡಬೇಕು. ಆರವ್, ಈಶಾನಿ, ಅದ್ವೈತ್. ಎಲ್ಲಾ ಎಷ್ಟು ಚಂದ ಚಂದ ಹೆಸರು. ಈಗ ತಿನ್ನೂ ಸಾಮಾನು ಮಾರಾವರಿಗೆ ಬೇಕಾಗೂ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಸಾಕತ್ತೀನಿ, ಹೊಸಾ ಡಬ್ಬಿ ಛಾಪಸಾಕತ್ತೀನಿ. ಅರ್ಜಿಗೆ ಆಧಾರಿನ ಹೆಸರೇ ಬೇಕು. ಡಬ್ಬಿಗೆ?

ಅದಕ್ಕ ಎರಡು ಪ್ರಶ್ನೆ. ಸಾಮ್‌ಸೂನ್‌ನ ಯಾಕ ಎಲ್ಲಾರೂ ಮರತ್ರಿ? ಮತ್ತ ಅಕಿ ಹೆಸರು ಬದಲಿ ಮಾಡದ ಉಳಿದದ್ದು ಬರೋಬರಿ ಆತೋ, ಇಲ್ಲಾ ಬರದವರು ಅಕಿಗೆ ಮೋಸ ಮಾಡಿದ್ರೋ?

ಹಿಂಜವಡಿ ಹೈದ

ಅಕ್ಕಾ, ಬೈಬೇಡಿ, ಆ ಹೋದ ವಾರದ ಪ್ರಶ್ನೆ ಹಾಕಿದ್ದು ನಾನೇ. ಸಾಮ್‌ಸೂನ್ ಶುರು ಮಾಡಿದ್ದೆ, ಎರಡನೇ ಕಂತಿಗೇ ಕೈ ಬಿಟ್ಟೆ. ಕಾರಣ ಹೀರೋ. ರೆಸ್ಟೋರೆಂಟ್ ಓನರ್ ಅಂತ ಎಲ್ಲರ ಮೇಲೂ ಕಿರುಚಾಡ್ತಾನೆ, 5 ಕೋಟಿ ವೋನ್ ಕೊಟ್ಟು ಸುಳ್ಳು ಗರ್ಲ್‌ಫ್ರೆಂಡ್ ಮಾಡ್ಕೋತಾನೆ. 2005ರಲ್ಲಿ ಇದನ್ನ ಸ್ಟೈಲ್ ಅಂತಿದ್ರೇನೋ, ಈಗ ನಮ್ಮ ಆಫೀಸಲ್ಲಿ ಮಾಡಿದ್ರೆ ಎಚ್‌ಆರ್ ಮನೆಗೆ ಕಳಿಸ್ತಾರೆ.

ಮರೆತಿದ್ದಕ್ಕೆ ಇನ್ನೊಂದು ಕಾರಣ, ಆಮೇಲೆ ಬಂದವರೆಲ್ಲ ಇವಳ ಸಾಮಾನೇ ಹೊತ್ಕೊಂಡು ಹೋದ್ರು. ವಯಸ್ಸಾಯ್ತು ಅಂತ ಬೈಸಿಕೊಳ್ಳೋಳು, ಕುಡಿದು ರಂಪ ಮಾಡೋಳು, ಊಟ ಬಿಡದೋಳು, ಇದೆಲ್ಲ ಈಗ ಮಾಮೂಲಿ. ಮೊದಲು ಮಾಡಿದೋರನ್ನ ಯಾರು ಕೇಳ್ತಾರೆ ಗುರು.

ನಿಮಗೆ 'ಅನದರ್ ಓ ಹೇಯಂಗ್' ಹಿಡಿಸುತ್ತೆ ಅನ್ಸುತ್ತೆ. 2016ರದ್ದು, ಸೋ ಹ್ಯುಂಜಿನ್ ಮಾಡಿರೋದು. ಅದೂ ಹೆಸರಿನ ಕಥೆನೇ. ಒಂದೇ ಸ್ಕೂಲಲ್ಲಿ ಇಬ್ಬರು ಓ ಹೇಯಂಗ್. ಒಬ್ಬಳು ಚೆಂದುಳ್ಳಿ, ನಮ್ಮವಳು 'ಬರೀ ಓ ಹೇಯಂಗ್'. ಹೀರೋ ಆ ಇನ್ನೊಬ್ಬಳ ಮೇಲಿನ ಸೇಡಿಗೆ ಹೆಸರು ತಪ್ಪಾಗಿ ತಿಳ್ಕೊಂಡು ಇವಳ ಮದುವೆ ಮುರಿಸಿಬಿಡ್ತಾನೆ. ಹೆಸರು ಹಳೇದಾದ್ರೆ ಬದಲಾಯಿಸಬಹುದು, ಹೆಸರು ಚೆನ್ನಾಗೇ ಇದ್ದು ಬೇರೆಯವಳಿಗೆ ಹೆಚ್ಚು ಒಪ್ಪಿಬಿಟ್ರೆ ಏನ್ ಮಾಡ್ತೀರಾ?

ಡಬ್ಬಿ ವಿಷಯ ಸಿಂಪಲ್. ನೋಂದಣಿ ನಿಮ್ಮ ಹೆಸರಲ್ಲಿ, ಬ್ರ್ಯಾಂಡ್ ಹೆಸರು ನಿಮ್ಮಿಷ್ಟ. ಎರಡೂ ಒಂದೇ ಇರಬೇಕಾಗಿಲ್ಲ.

ಹಾಜರಿ ಪುಸ್ತಕ (ಎರಂಡವಣೆ, ಪುಣೆ)

ತಂಗಿ ಸಾಕವ್ವ, ನಾನು ನಿವೃತ್ತ ಶಿಕ್ಷಕಿ. ಊರು ಧಾರವಾಡ. ಧಾರಾವಾಹಿಯನ್ನು ಮೊಮ್ಮಗಳ ಜೊತೆ ಅಲ್ಲೊಂದು ಇಲ್ಲೊಂದು ಕಂತು ನೋಡಿದ್ದೇನೆ, ಆದ್ದರಿಂದ ಹೆಸರಿನ ಮಾತಿಗೆ ಮಾತ್ರ ಉತ್ತರಿಸುತ್ತೇನೆ.

ಇಂಥ ಹೆಸರಿಡುವುದು ಕೊರಿಯಾದಲ್ಲಿ ಮಾತ್ರವಲ್ಲ, ನಿನ್ನ ಇಂಡಿ ತಾಲೂಕಿನಲ್ಲಿ ಮಾತ್ರವೂ ಅಲ್ಲ. ನಾವಿಬ್ಬರೂ ಇರುವ ಈ ಊರಿನಿಂದ ನೂರು ಕಿಲೋಮೀಟರ್ ಚಿಲ್ಲರೆ ದೂರದ ಸಾತಾರಾ ಜಿಲ್ಲೆಯಲ್ಲಿ 'ನಕುಸಾ', 'ನಕೋಶಿ' ಎಂದೇ ಹೆಣ್ಣುಮಕ್ಕಳಿಗೆ ಹೆಸರಿಡುತ್ತಿದ್ದರು. ಬೇಡವಾದವಳು ಎಂದರ್ಥ. 2011ರ ಅಕ್ಟೋಬರಿನಲ್ಲಿ ಅಲ್ಲಿನ ಜಿಲ್ಲಾಡಳಿತ ಅಂಥ 285 ಹುಡುಗಿಯರನ್ನು ಒಂದೆಡೆ ಸೇರಿಸಿ ಹೊಸ ಹೆಸರಿನ ಪ್ರಮಾಣಪತ್ರ ಕೊಟ್ಟಿತು. ಕೆಲವರು ಸಿನಿಮಾ ತಾರೆಯರ ಹೆಸರು ಆರಿಸಿಕೊಂಡರು. ಪೇಪರಿನಲ್ಲಿ ಓದಿ ನನಗೆ ನಗು ಬಂದಿತ್ತು. ಅದು ನಗುವ ಸಂಗತಿಯಲ್ಲ ಎಂದು ಆಮೇಲೆ ಅನ್ನಿಸಿತು. ಹುಟ್ಟಿದಾಗಿನಿಂದ ಬೇಡ ಬೇಡ ಎಂದು ಕರೆಸಿಕೊಂಡವಳು ಐಶ್ವರ್ಯಾ ಆಗಬಾರದೇಕೆ? ಕೊರಿಯಾದಲ್ಲೂ 'ಮಲ್‌ಜಾ', 'ಕ್ಕತ್‌ಸೂನ್' ಎಂಬ ಹೆಸರುಗಳುಂಟು. 'ಮಲ್' ಎಂದರೂ 'ಕ್ಕತ್' ಎಂದರೂ ಕೊನೆ.

ನಿನ್ನ ಹೆಸರಿನಲ್ಲಿ ಒಂದು ವ್ಯತ್ಯಾಸವಿದೆ. ಕನ್ನಡದ 'ಸಾಕು' ಎರಡು ಮಾತು. ಒಂದು, ಇನ್ನು ಬೇಡ. ಇನ್ನೊಂದು, ಪೋಷಿಸು, ಸಲಹು. ಸಾಕಿದ ತಾಯಿಯೂ ಸಾಕವ್ವನೇ. ಮರಾಠಿಯವರ 'ನಕುಸಾ'ದಲ್ಲಿ ಈ ಕಿಂಡಿ ಇಲ್ಲ.

ಇನ್ನೊಂದು ಹೇಳಬೇಕು, ಇದುವರೆಗೆ ಯಾರಿಗೂ ಹೇಳಿಲ್ಲ. ನಾನು ಕಲಿಸುತ್ತಿದ್ದ ಶಾಲೆಗೆ ಕಟ್ಟಡ ಕೆಲಸದವರ ಮಕ್ಕಳು ಬರುತ್ತಿದ್ದರು, ಹೆಚ್ಚಿನವರು ನಿಮ್ಮ ಕಡೆಯವರೇ. ಒಬ್ಬಳ ಹೆಸರು ನಿನ್ನದೇ. ಮಕ್ಕಳು ಕಾಡಿಸುತ್ತಾರೆಂದು ನಾನೇ ಹಾಜರಿ ಪುಸ್ತಕದಲ್ಲಿ 'ಸುನೀತಾ' ಎಂದು ಬರೆದೆ. ದೊಡ್ಡ ಉಪಕಾರ ಮಾಡಿದೆ ಎಂದುಕೊಂಡಿದ್ದೆ. ಹದಿನೈದು ದಿನ ಆ ಹುಡುಗಿ "ಸುನೀತಾ" ಎಂದು ಕರೆದಾಗ ಹಾಜರಿ ಹೇಳಲೇ ಇಲ್ಲ. ಹಟವೆಂದು ಬೈದೆ. ಹಟವಲ್ಲ, ಅವಳನ್ನೇ ಕರೆಯುತ್ತಿದ್ದೇನೆಂದು ಅವಳಿಗೆ ಗೊತ್ತೇ ಇರಲಿಲ್ಲ. ನಾನು ಹೇಳಿರಲೇ ಇಲ್ಲ.

ಮಾಟುಂಗಾ ಮಾಣಿ

ನಮಸ್ಕಾರ ಮಾರಾಯ್ರೆ. ನಾನು ಕುಂದಾಪುರದ ಬದಿಯವ, ಮುಂಬೈಗೆ ಬಂದು 41 ವರ್ಷ. ಮಗಳು ಹಾಕಿಕೊಟ್ಟಳು ಅಂತ ಸಾಮ್‌ಸೂನ್ ಪೂರ್ತಿ ನೋಡಿದವ ನಾನೊಬ್ಬ ಇದ್ದೇನೆ ಇಲ್ಲಿ, ಲೆಕ್ಕಕ್ಕೆ ತಕ್ಕೊಳ್ಳಿ.

ಹಿಂಜವಡಿಯ ತಮ್ಮ ಹೀರೋ ಹೀರೋ ಅಂತ ಹೇಳ್ತಾ ಉಂಟು. ಹೀರೋನ್ನ ಬಿಡಿ, ಆ ರಾತ್ರಿ ಊಟ ನೋಡಿದ್ರಾ? ಅಗಲದ ಒಂದು ಲೋಹದ ಬೋಗುಣಿಗೆ ಅನ್ನ, ಸೊಪ್ಪು ತರಕಾರಿ, ಖಾರದ ಗೊಜ್ಜು ಎಲ್ಲ ಸುರಿದು ಕಲಸಿ, ಪಾತ್ರೆಗೇ ಚಮಚ ಹಾಕಿ ತಿನ್ನುವುದು, ಪಕ್ಕದಲ್ಲಿ ಸೋಜು ಅಂತ ಅಲ್ಲಿಯ ಮದ್ಯ. ಬಿಬಿಂಬಾಪ್ ಅಂತ ಹೆಸರಂತೆ. ಹೋಟೆಲ್ ಬಾಗಿಲು ಹಾಕಿದ ಮೇಲೆ ರಾತ್ರಿ ಹನ್ನೊಂದೂವರೆಗೆ ನಾವು ಹಾಗೇ ಉಣ್ಣುವುದು. ಉಳಿದ ಅನ್ನ, ತಳದ ಸಾಂಬಾರು, ಒಂದು ಹಿಡಿ ಮಿಕ್ಸ್ಚರು, ಒಂದೇ ಪಾತ್ರೆ, ನಾಲ್ಕು ಕೈ. ದಿನವಿಡೀ ಬೇರೆಯವರಿಗೆ ಬಾಳೆಲೆ ಹಾಕಿ ಚಂದ ಮಾಡಿ ಬಡಿಸಿದವನಿಗೆ ತನ್ನ ಊಟ ಚಂದ ಮಾಡಿಕೊಳ್ಳಲಿಕ್ಕೆ ತ್ರಾಣ ಇರುವುದಿಲ್ಲ. ಅದನ್ನು ಬರೆದವರಿಗೆ ಅಡುಗೆಮನೆ ಗೊತ್ತುಂಟು.

ಹೆಸರಿನ ವಿಷಯ. ನಾನು ಹತ್ತು ವರ್ಷದ ಹುಡುಗ ಬಂದದ್ದು. ಬಂದ ದಿನದಿಂದ 'ಮಾಣಿ'. ನಾವು ಏಳು ಜನ ಹುಡುಗರು, ಏಳೂ ಮಾಣಿ. ಕರೆದರೆ ಎಲ್ಲರೂ ಓಡುವುದು, ತಡವಾಗಿ ಬಂದವನಿಗೆ ಬೈಗುಳ. ಆಮೇಲೆ ಗಲ್ಲೆಗೆ ಕೂತ ಮೇಲೆ ಇಡೀ ಮುಂಬೈಗೆ 'ಅಣ್ಣಾ'. ಮಧ್ಯೆ ಎರಡು ವರ್ಷ ಫೋರ್ಟಿನಲ್ಲಿ ಕನ್ನಡ ರಾತ್ರಿಶಾಲೆಗೆ ಹೋದೆ, ಅಲ್ಲಿ ಮಾತ್ರ ಮಾಸ್ತರರು ಪೂರಾ ಹೆಸರು ಹಿಡಿದು ಕರೆಯುತ್ತಿದ್ದರು. ಪಾತ್ರೆ ತೊಳೆದು ಸುಕ್ಕುಗಟ್ಟಿದ ಬೆರಳಿನಲ್ಲಿ ಪೆನ್ನು ಜಾರುತ್ತಿತ್ತು, ಆದರೂ ಹೋಗುತ್ತಿದ್ದೆ. ಪಾಠಕ್ಕೋ ಹೆಸರಿಗೋ, ಈಗ ಹೇಳಲಿಕ್ಕೆ ಬರುವುದಿಲ್ಲ.

ಡಬ್ಬಿಗೆ 'ಸ್ವಾತಿ' ಹಾಕಬೇಡಿ ತಂಗಿ. ಯಾರೋ ತಮ್ಮ ಅನುಕೂಲಕ್ಕೆ ಇಟ್ಟದ್ದು ಅದು. ಸಾಕವ್ವನೋ ಮತ್ತೊಂದೋ, ನಿಮಗೆ ಬಿಟ್ಟದ್ದು.

ಮುದ್ರಾಂಕ (ಶಿವಾಜಿನಗರ, ಪುಣೆ)

ನಾನು ಕೋರ್ಟ್ ಹತ್ತಿರ ಒಂದು ವಕೀಲರ ಆಫೀಸಲ್ಲಿ ಕೆಲಸ ಮಾಡೋಳು, ಊರು ಶಿವಮೊಗ್ಗ. ಸಾಮ್‌ಸೂನ್ ವಿಷಯದಲ್ಲಿ ನನಗೆ ಜಗಳ ಇದೆ.

ಎಲ್ಲರೂ 'ಅವಳು ತನ್ನ ಹೆಸರನ್ನ ಒಪ್ಪಿಕೊಂಡಳು' ಅಂತ ಕಣ್ಣೀರು ಹಾಕ್ತಾರೆ. ಸ್ವಲ್ಪ ಹಿಂದಕ್ಕೆ ಹೋಗಿ. ಅವಳಿಗೆ ಬೇಕಾಗಿದ್ದ ಹೆಸರು ಹೀಜಿನ್. ಹೀರೋನ ಹಳೇ ಪ್ರೇಯಸಿಯ ಹೆಸರೂ ಹೀಜಿನ್, ಯೂ ಹೀಜಿನ್. ಜೇಜು ದ್ವೀಪದ ಹಲ್ಲಾಸಾನ್, 1,947 ಮೀಟರ್ ಎತ್ತರ. ಮಳೆ, ಮಂಜು. ಅದನ್ನ ಒಬ್ಬಳೇ ಹತ್ತಿ, ಇನ್ನು ಮೇಲೆ ನಾನು ಹೀಜಿನ್ ಅಂತ ಕೂಗ್ತಾಳೆ. ಅಲ್ಲೂ ಈ ಮಹಾಶಯ ಹಾಜರ್, ಆ ಹೆಸರು ಬೇಡ ಅಂತ. ಅಲ್ಲ, ಬೆಟ್ಟದ ತುದೀಲಾದ್ರೂ ಒಂದು ನಿಮಿಷ ಅವಳನ್ನ ಅವಳ ಪಾಡಿಗೆ ಬಿಡಬಾರದಾ? ಅವನಿಗೆ ಆ ಹೆಸರಲ್ಲಿ ಹಳೇ ನೋವಿದೆ, ಸರಿ. ಅದಕ್ಕೆ ಇವಳು ಯಾಕೆ ಹೆಸರು ಬದಲಾಯಿಸೋ ಅರ್ಜಿ ಕೈಬಿಡಬೇಕು?

ಸ್ವಾರಸ್ಯ ಏನಂದ್ರೆ, ಧಾರಾವಾಹಿ ಮುಗಿದಿದ್ದು 2005ರ ಜುಲೈನಲ್ಲಿ. ಅದೇ ನವೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಸುಪ್ರೀಂ ಕೋರ್ಟ್ ಹೆಸರು ಬದಲಾವಣೆ ಬಗ್ಗೆ ದೊಡ್ಡ ತೀರ್ಪು ಕೊಡ್ತು. ಅಪರಾಧ ಮುಚ್ಚಿಡೋ ಥರದ ದುರುದ್ದೇಶ ಇಲ್ಲದಿದ್ರೆ ಸಾಮಾನ್ಯವಾಗಿ ಒಪ್ಪಿಗೆ ಕೊಡಬೇಕು ಅಂತ. ಹೆಸರನ್ನ ಇಟ್ಟಿದ್ದು ಬೇರೆಯವರು, ಹೊತ್ತು ತಿರುಗೋನು ಇವನು ಅನ್ನೋ ಧಾಟಿಯ ತೀರ್ಪು. ಸೀರಿಯಲ್‌ನಿಂದ ತೀರ್ಪು ಬಂತು ಅಂತ ನಾನು ಹೇಳ್ತಿಲ್ಲ. ನಾಲ್ಕು ತಿಂಗಳು ತಡೆದಿದ್ರೆ ಸಾಮ್‌ಸೂನ್ ಕೆಲಸ ಹಗುರ ಆಗ್ತಿತ್ತು ಅಷ್ಟೆ.

ಅಂದಹಾಗೆ 2024ರಲ್ಲಿ ವೇವ್ ಅನ್ನೋ ಅಲ್ಲಿನ ಒಟಿಟಿಯವರು ಅದೇ ನಿರ್ದೇಶಕರ ಕೈಯಲ್ಲಿ 8 ಕಂತಿಗೆ ಇಳಿಸಿ, 4ಕೆ ಮಾಡಿ ಮತ್ತೆ ಬಿಟ್ಟಿದ್ದಾರೆ. ಪೂರ್ತಿ ಮರೆತುಹೋದವಳಿಗೆ ಯಾರೂ ಇಷ್ಟು ಖರ್ಚು ಮಾಡಲ್ಲ.

ಅಕ್ಕ, ಬದಲಾಯಿಸಬೇಕು ಅಂದ್ರೆ ಇಲ್ಲಿ ಅಫಿಡವಿಟ್ ಮಾಡಿಸಿ ಮಹಾರಾಷ್ಟ್ರ ಗೆಝೆಟ್‌ಗೆ ಅರ್ಜಿ ಹಾಕಬೇಕು. ಗೆಝೆಟ್ ಪ್ರತಿ ಬಂದ ಮೇಲೆ ಆಧಾರ್, ಪ್ಯಾನ್, ಬ್ಯಾಂಕ್. ಒಂದೊಂದಾಗಿ ಮಾಡಿಸಿ, ಎಲ್ಲ ಒಟ್ಟಿಗೆ ಕೈಗೆತ್ತಿಕೊಂಡ್ರೆ ಒಂದು ಕಡೆ ಸ್ವಾತಿ, ಇನ್ನೊಂದು ಕಡೆ ಸಾಕವ್ವ ಆಗಿ ಸಾಲಕ್ಕೆ ಹೋದಾಗ ಒದ್ದಾಡ್ತೀರಾ. ದಿನಾ ನೋಡ್ತೀನಿ.

ಹಿಂಜವಡಿ ಹೈದ

ಮತ್ತೆ ಶುರು ಮಾಡಿದೆ. ಆರನೇ ಕಂತಲ್ಲಿದೀನಿ. ಹೀರೋ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಅವಳ ಬಗ್ಗೆ ಬದಲಾಗಿದೆ. ರಾತ್ರಿ ಎರಡು ಗಂಟೆಗೆ ಹಸಿವಾಗಿ ಮ್ಯಾಗಿ ಮಾಡ್ಕೊಂಡೆ, ಪಾತ್ರೆಯಲ್ಲೇ ತಿಂದೆ.

ಓವನ್ ಅವ್ವ (ವಾರ್ಜೆ, ಪುಣೆ)

ಎಲ್ಲಾರಿಗೂ ಏನಂತ ಹೇಳಲಿ. ಮೂರು ದಿನ ಆರ್ಡರ್ ಭಾಳ ಇದ್ವು, ಈಗ ಕುಂತೀನಿ.

ಶಿವಾಜಿನಗರದಕ್ಕ, ಆ ಬೆಟ್ಟದ ಸೀನು ನಾ ನೋಡುವಾಗ ಅಂವ ಬಂದನಲ್ಲ ಅಂತ ಖುಷಿಯಾಗಿ ಅತ್ತಾಕಿ. ನಿಮ್ಮದು ಓದಿದ ಮ್ಯಾಲ ಮತ್ತ ಹಚ್ಚಿ ನೋಡಿದೆ. ನೀವು ಹೇಳೂದು ಖರೆ ಅದ. ಆದ್ರ ಕಡೀ ಕಂತಿನಾಗ ಒಂದು ಅದ ನೋಡ್ರಿ, ಲಗ್ನ ತೋರಸಂಗಿಲ್ಲ. ಅತ್ತಿ ಆಗಾಕಿ ಇನ್ನೂ ಒಪ್ಪಿರಂಗಿಲ್ಲ. ಮುಂದ ನಾವು ಬ್ಯಾರೆ ಆದ್ರೂ ಆದೇವು, ಈಗ ಮಾಡೂ ಕೆಲಸ ಮಾಡೂದು ಅಂತಾಳ. ಅಂವಗ ಪೂರ್ತಿ ಜೋತುಬಿದ್ದಾಕಿ ಹಂಗ ಮಾತಾಡಂಗಿಲ್ಲ. ನಾ ಅಕಿ ಕಡೆನ.

ಟೀಚರ್‌ಬಾಯಿ, ನೀವು ಹೇಳಿದ ಎರಡು ಅರ್ಥ ಹಿಡಕೊಂಡು ನಿನ್ನೆ ಊರಿಗೆ ಅವ್ವಗ ಫೋನ್ ಹಚ್ಚಿದೆ. ಆಯಿ ಯಾವ ಅರ್ಥದಾಗ ಇಟ್ಟಿದ್ದಳು ಅಂತ ಕೇಳಬೇಕಂತ. ಅವ್ವ ಶೇಂಗಾ ಒಡ್ಯಾಕತ್ತಿದ್ದಳು, ಫೋನಿನಾಗ ಟಕ್ ಟಕ್ ಕೇಳತಿತ್ತು. "ಆಯಿ ಎಲ್ಲೇ ಇಟ್ಟಳು, ನಾ ಇಟ್ಟೆ" ಅಂದಳು. ನಾಲ್ಕನೇ ಬಾಣಂತನದಾಗ ಅವ್ವಗ ಭಾಳ ತ್ರಾಸಾಗಿತ್ತಂತ, ಎತ್ತಿನ ಗಾಡ್ಯಾಗ ಇಂಡಿ ದವಾಖಾನಿಗೆ ಒಯ್ದಿದ್ರಂತ. "ನನಗ ಹಡದು ಹಡದು ಸಾಕಾಗಿತ್ತವಾ. ಬಾಯಿಬಿಟ್ಟು ಹೇಳಿದ್ರ ಯಾರು ಕೇಳತಿದ್ರು? ನಿನ್ನ ಹೆಸರಿಟ್ಟು ಹೇಳಿದೆ." ಮತ್ತ ತಮ್ಮ? ಅಂದೆ. "ಹೆಸರಿಟ್ರೂ ಕೇಳಲಿಲ್ಲಲ್ಲ" ಅಂತ ನಕ್ಕಳು, ಶೇಂಗಾ ಒಡೆಯೂದು ನಿಲ್ಲಿಸಲಿಲ್ಲ.

ಇಷ್ಟು ವರ್ಷ ಅದು ನನ್ನ ಬಗ್ಗೆ ಇಟ್ಟ ಹೆಸರು ಅಂತ ತಿಳಕೊಂಡಿದ್ದೆ ನಾ.

ಅರ್ಜಿ ತುಂಬಿದೆ, ಸಾಕವ್ವ ಅಂತನ. ಅದಕ್ಕ ಬ್ಯಾರೆ ದಾರೀನೂ ಇದ್ದಿಲ್ಲ ಅನ್ರಿ. ಮಾಟುಂಗಾದಣ್ಣಾರು ಹೇಳಿದಂಗ ಸ್ವಾತಿ ತಗದು ಹಾಕೂದು ಅಷ್ಟು ಸರಳ ಇಲ್ಲ, 11 ವರ್ಷದ ಗಿರಾಕಿ ಆ ಹೆಸರಿಗೆ ಫೋನ್ ಮಾಡತಾರ. ರಾತ್ರಿ ಚಾಕಲೇಟ್ ಕೋನ್ ಒಂದು ಉಳಿದಿತ್ತು. ಬಟರ್ ಪೇಪರ್ ಮ್ಯಾಲ ಕನ್ನಡದಾಗ ನನ್ನ ಹೆಸರು ಬರದು ನೋಡಿದೆ. 'ಸಾಕ' ತನಕ ಛಲೋ ಬಂತು. ವ್ವ ಅಕ್ಷರದ ಒತ್ತು ಕೆಳಗ ಇಳೀಬೇಕಾದ್ರ ಚಾಕಲೇಟ್ ಗಟ್ಟಿಯಾಗಿ ಕಡೀತು. ಮತ್ತ ಬಿಸಿ ಮಾಡಿ ಬರದೆ, ಈ ಸಲ ದಪ್ಪಾತು. ಮೂರನೇದು ಸುಮಾರಾಗಿ ಬಂತು. ಮಗಳು ಅದನ್ನ ಮೊಬೈಲಿನಾಗ ಫೋಟೋ ಹೊಡಕೊಂಡಾಳ, ಯಾಕಂತ ಕೇಳಿದ್ರ ಹೇಳವಲ್ಲಳು.

ಡಬ್ಬಿ ಛಾಪಸಾವರಿಗೆ ಸೋಮವಾರದ ತನಕ ಟೈಮ್ ಕೇಳೀನಿ. 500 ಡಬ್ಬಿ. ಒಮ್ಮೆ ಛಾಪಿಸಿದ್ರ ಹಿಂದಕ ತಗೊಳ್ಳಂಗಿಲ್ಲಂತ.